ಮೂವತ್ತೊಂದು ಜೋಡಿ

ಶಹಾಬಾದಿನ ನೀಲಿ ಫರಸಿಕಲ್ಲು ಕಾರ್ಮಿಕರ ಸಂಘದ ಕಚೇರಿಗೆ ಮಾಣಿಕಮ್ಮ ಬಂದದ್ದು ಚುನಾವಣೆಗೆ ನಿಲ್ಲಲು. ನಾಮಪತ್ರಕ್ಕೆ ಅಂದೇ ಕಡೆಯ ದಿನ. ಮೂವತ್ತು ವರ್ಷ ಪಾಲಿಶ್ ಮಷಿನ್ನಿನ ಮುಂದೆ ನಿಂತು ಕಲ್ಲಿನ ಧೂಳು ನುಂಗಿದ ಹೆಂಗಸು. ಗಂಡಸರೇ ಕಾಲ ಮೇಲೆ ಕಾಲು ಹಾಕಿ ಕೂತ ಸಂಘದಲ್ಲಿ ಒಂದು ಕುರ್ಚಿಯಾದರೂ ನಮ್ಮದಾಗಲಿ ಎಂದು ಹಟ ತೊಟ್ಟವಳು. ಕಂಪ್ಯೂಟರಿನ ಮುಂದಿದ್ದ ಅತೀಯಾ ಆಕೆಯ ಹೆಸರು ಹುಡುಕಿದಳು. ಹೆಸರೇನೋ ಸಿಕ್ಕಿತು. ಅದರೆದುರಿಗೆ ‘ನಿಧನ’ ಎಂದಿತ್ತು.

“ಮೌಶಿ, ಸ್ವಲ್ಪ ಕುಂದ್ರಿ,” ಎಂದು ಅತೀಯಾ ಕಾರ್ಯದರ್ಶಿ ಅಣವೀರನ ಕಡೆ ತಿರುಗಿದಳು. “ಸರ್, ಯಾದಿಯೊಳಗ ಇವ್ರು ತೀರ್ಕೊಂಡಾರಂತ ಅದರಿ.”

ಮಾಣಿಕಮ್ಮ ನಕ್ಕೇಬಿಟ್ಟಳು. “ಮುಂಜಾನಿ ಎರಡು ರೊಟ್ಟಿ ತಿಂದು ಬಂದೀನಿ. ಸತ್ತಾಕಿಗಿ ಇಷ್ಟು ಹಸಿವಿ ಇರ್ತದೇನು?”

ಅಣವೀರ ನಗಲಿಲ್ಲ. “ಯಾದಿ ನಿನ್ನೇನೇ ಫೈನಲ್ ಆಗ್ಯದವ್ವಾ. ತಕರಾರು ಇದ್ರ ನಿನ್ನೆ ಐದು ಗಂಟಿ ಒಳಗ ಹೇಳಬೇಕಿತ್ತು. ಕಂಪ್ಯೂಟರ್ದಾಗ ಏನದ, ಅದೇ ಖರೆ.”

“ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ ನೀವು! ಕಣ್ಣ ಮುಂದ ನಿಂತೀನಲ್ರಿ ಸಾಹೇಬ್ರ. ಸತ್ತಾಕಿ ವಾಡಿ ಊರಿನ ಮಾಣಿಕಮ್ಮ. ದೀಪಾವಳ್ಯಾಗ ಹೋದಳು. ಆಕಿನ ಮೈ ತೊಳದಾಕಿ ನಾನ.”

ಏನಾಗಿದೆ ಎಂದು ಅತೀಯಾಳಿಗೆ ಆಗಲೇ ಹೊಳೆದಿತ್ತು.

ನಮ್ಮ ಕಡೆ ಮಂದಿಗೆ ಹುಟ್ಟಿದ ತಾರೀಖು ಎಂದರೆ ಹೆಡ್‌ಮಾಸ್ತರು ಕೊಟ್ಟದ್ದು. ಸಾಲಿಗೆ ಹಚ್ಚಿದವರೆಲ್ಲ ಜೂನ್ ಒಂದಕ್ಕೆ ಹುಟ್ಟಿದವರೇ. ಸಾಲಿಯ ಕಟ್ಟೆ ಹತ್ತದವರಿಗೂ ಸಂಘದ ಹಳೆಯ ಕಾರ್ಯದರ್ಶಿ ಧಾರಾಳವಾಗಿ ಅದೇ ತಾರೀಖು ಹಂಚಿದ್ದ, ವರ್ಷವನ್ನೂ ಅಂದಾಜಿನ ಮೇಲೆ ದುಂಡಗೆ ಬರೆದಿದ್ದ. ರಿಜಿಸ್ಟರಿನಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹೋದ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಹನ್ನೊಂದು ನೂರು ಹೆಸರು ಟೈಪು ಮಾಡಿ ಮುಗಿಸುತ್ತಲೇ ಅದು ಕೇಳತೊಡಗಿತು: ಮಾಣಿಕಮ್ಮ, ಗಂಡ ನಾಮದೇವ, ಜೂನ್ ಒಂದು, ಮತ್ತೊಬ್ಬ ಮಾಣಿಕಮ್ಮ, ಗಂಡ ನಾಮದೇವ, ಜೂನ್ ಒಂದು. ಇಬ್ಬರೂ ಒಬ್ಬರೇ? ಕೂಡಿಸಲೇ? ಅತೀಯಾ ಯಾರನ್ನೂ ಕೇಳದೆ ಹೂಂ ಎಂದು ಒತ್ತಿದಳು. ಒಂದೇ ಮಧ್ಯಾಹ್ನದಲ್ಲಿ ಮೂವತ್ತೊಂದು ಸಲ ಒತ್ತಿದಳು. ಯಾದಿ ಸ್ವಚ್ಛವಾಯಿತೆಂದು ಅಣವೀರ ಅವತ್ತು ಚಹಾ ತರಿಸಿದ್ದ. ದೀಪಾವಳಿ ಮುಗಿದ ಮೇಲೆ ವಾಡಿಯಿಂದ ಸಾವಿನ ಸುದ್ದಿ ಬಂದಾಗ, ಉಳಿದಿದ್ದ ಒಬ್ಬಳೇ ಮಾಣಿಕಮ್ಮನನ್ನು ಅತೀಯಾ ಸತ್ತವರ ಸಾಲಿಗೆ ಸೇರಿಸಿದ್ದಳು.

ಅವಳು ಸರಸರ ಹಿಂದಿನ ದಾಖಲೆ ತೆರೆದಳು. ಮೂವತ್ತೊಂದು ಜೋಡಿಯೂ ಅಲ್ಲಿದ್ದವು, ಒತ್ತಿದವರ ಹೆಸರಿನೊಂದಿಗೆ. ಅಣವೀರ ಬೆನ್ನ ಹಿಂದೆ ನಿಂತು ಎಲ್ಲ ಓದಿಕೊಂಡ. ಆಮೇಲೆ ಅವಳನ್ನು ಬಾಗಿಲಾಚೆಗೆ ಕರೆದ.

“ಈಕಿ ಒಬ್ಬಾಕಿಂದು ಸರಿ ಮಾಡು, ನಾ ಸಹಿ ಹಾಕ್ತೀನಿ. ಉಳಿದವ್ರದು ಎಲೆಕ್ಷನ್ ಮುಗದ ಮ್ಯಾಲ ನೋಡೋಣು. ಎಲ್ಲಾ ಬಿಚ್ಚಿದ್ರ ಹೊಸ ಯಾದಿ ಆಗಬೇಕು, ಎಲೆಕ್ಷನ್ ಮುಂದ ಹೋಗ್ತದ. ಯಾರು ಮಾಡಿದ್ರು ಅಂತ ಕೇಳ್ತಾರ. ನಿನ್ನ ಕಾಯಂ ಮಾಡೋದು ಬರೋ ವಾರ ಸಭಾದಾಗ ಅದ, ಮರತಿಯೇನು?”

ಮರೆಯುವುದುಂಟೆ? ಹದಿನಾಲ್ಕು ತಿಂಗಳು ಅವಳು ಅದಕ್ಕೇ ಕಾದಿದ್ದಳು. ಅಮ್ಮಿ ರಶೀದಾಬೇಗಂ ಓಣಿಗೆಲ್ಲ ಸುದ್ದಿ ಹೇಳಿ ಮುಗಿಸಿದ್ದಳು. ಬೀಗವಿರುವ ಒಂದು ಡ್ರಾ, ತನ್ನದೇ ಒಂದು ಕುರ್ಚಿ, ತಿಂಗಳಾದರೆ ಯಾರಿಗೂ ಕೈಯೊಡ್ಡದ ಬದುಕು, ಇವೆಲ್ಲ ಅತೀಯಾಳಿಗೆ ರೂಢಿಯಾಗಿಬಿಟ್ಟಿದ್ದವು. ಅವು ಹೋದರೆ ಎಂದು ಅವಳಿಗೆ ಭಯವಾಯಿತು. ತಲೆಯಾಡಿಸಿ ಒಳಗೆ ಬಂದಳು.

ಮಾಣಿಕಮ್ಮನನ್ನು ಬದುಕಿಸಲು ಮೂರು ನಿಮಿಷ ಸಾಕಾಯಿತು. ಆಕೆ ನಾಲಿಗೆ ಕಚ್ಚಿ ಒಂದೊಂದೇ ಅಕ್ಷರ ಕೂಡಿಸಿ ನಾಮಪತ್ರಕ್ಕೆ ಸಹಿ ಮಾಡಿದಳು. ಎದ್ದವಳೇ ಅತೀಯಾಳ ಗದ್ದ ಹಿಡಿದು, “ಭಾಳ ಛಲೋ ಹುಡುಗಿ ಅದಿ ಬೇಟಾ. ಸತ್ತಾಕಿನ್ನ ಎಬ್ಬಿಸಿ ಕುಂದ್ರಿಸಿದಿ,” ಎಂದಳು.

ಬೈದಿದ್ದರೆ ಅತೀಯಾ ಸುಮ್ಮನಿರುತ್ತಿದ್ದಳೋ ಏನೋ. ಹೊಗಳಿಕೆ ತಡೆಯಲಾಗಲಿಲ್ಲ.

“ಮೌಶಿ, ನಿಮ್ಮನ್ನ ಅಳಿಸಿದಾಕಿ ನಾನ. ನಿಮ್ಮೊಬ್ಬರನ್ನಲ್ಲ. ಇನ್ನೂ ಮೂವತ್ತು ಮಂದಿ ಹೆಸರು ಹಿಂಗೇ ಹೋಗ್ಯಾವ. ಓಟು ಹಾಕ್ಲಿಕ್ಕಿ ಬಂದ ದಿನಾನೇ ಅವ್ರಿಗಿ ಗೊತ್ತಾಗ್ತದ.”

ಅಣವೀರ ಕೈಯಲ್ಲಿದ್ದ ರಿಜಿಸ್ಟರನ್ನು ಮೇಜಿಗೆ ಅಪ್ಪಳಿಸಿದ. “ಮಾಡಿದ್ದು ಉಣ್ಣು ಹಂಗಾರ! ನಂದೇ ತಪ್ಪಂತ ಬರದು ಕೊಡು. ಎಲ್ಲಾ ಸರಿ ಮಾಡಿ ಹೋಗು, ನಾಳಿಂದ ಬರಬ್ಯಾಡ.” ಚುನಾವಣೆ ಮುಂದಕ್ಕೆ ಹೋಯಿತೆಂದು ಫೋನಿನಲ್ಲಿ ಕೂಗಾಡುತ್ತ ಹೊರಗೆ ಹೋದ.

ಅತೀಯಾ ಬರೆದುಕೊಟ್ಟಳು. ನಾಲ್ಕೇ ಸಾಲು. ಮೊದಲಿನದನ್ನು ಹರಿದು ಎರಡನೇ ಸಲ ಬರೆದಳು.

ಮಾಣಿಕಮ್ಮ ಕದಲದೆ ನಿಂತಿದ್ದಳು. ಮುಖ ಕಪ್ಪಿಟ್ಟಿತ್ತು. “ನಂದು ಕೆಲಸ ಆಗಿತ್ತಲ್ಲವ್ವಾ. ಎರಡು ತಿಂಗಳು ಸೇಡಂ, ಚಿಂಚೋಳಿ ಅಂತ ಮನಿ ಮನಿ ತಿರುಗೀನಿ. ಎಲೆಕ್ಷನ್ ಮುಂದ ಹೋದ್ರ ಮತ್ತ ಯಾರ್ಯಾರ ಕಾಲು ಹಿಡೀಲಿ? ಯಾಕರ ಬಾಯಿ ತೆರದಿ?”

ಅತೀಯಾ ಕಣ್ಣೊರೆಸಿಕೊಂಡು ಮೊದಲ ಜೋಡಿ ತೆರೆದಳು. ರಿಜಿಸ್ಟರಿನಲ್ಲಿ ಊರಿನ ಹೆಸರಿತ್ತು. ಯಾರಿದ್ದಾರೆ, ಯಾರಿಲ್ಲ ಎಂಬುದು ಇರಲಿಲ್ಲ. ಅವಳು ಪುಟ ತಿರುವಿ ತಿರುವಿ ತಡಕಾಡುವುದನ್ನು ಮಾಣಿಕಮ್ಮ ಒಂದಿಷ್ಟು ಹೊತ್ತು ನೋಡಿದಳು. ಕೊನೆಗೆ ಕುರ್ಚಿ ದರದರ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ಓದು.”

“ಮುಧೋಳ ಸುಂದರಬಾಯಿ, ಆಡಕಿ ಸುಂದರಬಾಯಿ.”

“ಇಬ್ಬರೂ ಅದಾರ. ಹಚ್ಚು.”

“ಕುಂಚಾವರಂ ಅನಸುಬಾಯಿ.”

“ಅದಾಳ. ಮೊಣಕಾಲು ಹಿಡದಾವ, ಆದ್ರೂ ಕಲ್ಲು ಹೊರತಾಳ. ಹಚ್ಚು.”

ಹತ್ತು ಜೋಡಿ ಮುಗಿದವು. ಹನ್ನೊಂದನೆಯದಕ್ಕೆ ಅತೀಯಾ, “ಚಿತ್ತಾಪುರ ಕರುಣಾ,” ಎಂದಳು.

ಮಾಣಿಕಮ್ಮ ಹಲ್ಲು ಕಡಿದಳು. “ಆ ರಂಡಿ ಊರ ತುಂಬ ನನ್ನ ಮ್ಯಾಲ ಚಾಡಿ ಹೇಳ್ಲಿಕತ್ತಾಳ. ಸತ್ರೂ ನನಗ ಓಟು ಹಾಕಾಕಿ ಅಲ್ಲ.”

ಅತೀಯಾ ಆಕೆಯ ಮುಖ ನೋಡಿದಳು.

“ನನ್ನ ಮಾರಿ ಏನು ನೋಡ್ತಿ? ಅದಾಳ. ಹಚ್ಚು.”