ಎರಡು ಮಂದೆಯ ಹುಳುಗಳು

ಕಸಾಯಿಖಾನೆಯ ಹಿಂಭಾಗದಲ್ಲಿ ಕುರಿಗಳ ಹೊಟ್ಟೆ, ಕರುಳು ತೊಳೆಯುವ ಕೆಲಸ ದೊಡ್ಡಕ್ಕನದು. ಇಪ್ಪತ್ತೆರಡು ವರ್ಷದಿಂದ ಅದೇ ಕಲ್ಲಿನ ತೊಟ್ಟಿ, ಅದೇ ನಲ್ಲಿ. ಅವಳಿಗಿಂತ ಹಿರಿಯರೂ ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಪ್ರತಿ ಮಂಗಳವಾರ ಬೆಳಿಗ್ಗೆ ಪಶುವೈದ್ಯ ಕಾಲೇಜಿನಿಂದ ಒಬ್ಬ ಹುಡುಗಿ ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ತುಂಬಿಕೊಂಡು ಬರುತ್ತಿದ್ದಳು. ಸಂಶೋಧನೆ ಮಾಡುವವಳು. ಅವಳಿಗೆ ಬೇಕಾದದ್ದು ಕುರಿಯ ನಾಲ್ಕನೆಯ ಹೊಟ್ಟೆಗೆ ಕಚ್ಚಿಕೊಂಡು ರಕ್ತ ಹೀರುವ, ಕೆಂಪು ಬಿಳಿ ದಾರ ಹೊಸೆದಂತಿರುವ ಹುಳುಗಳು. ಮಾಂಸ ಕಡಿಯುವವರು ಅವಳಿಗೆ ‘ಹುಳದ ಮೇಡಂ’ ಎಂದು ಹೆಸರಿಟ್ಟಿದ್ದರು. ದೊಡ್ಡಕ್ಕನಿಗೆ ಮಾತ್ರ ಅವಳೆಂದರೆ ಅಚ್ಚುಮೆಚ್ಚು. ಮೂಗು ಮುಚ್ಚಿಕೊಳ್ಳದೆ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದಳಲ್ಲ, ಅದಕ್ಕೆ.

“ಇವನ್ನ ತಗೊಂಡೋಗಿ ಏನ್ ಮಾಡ್ತೀಯೇ ತಾಯಿ?”

“ಔಷಧಿ ಹಾಕಿ ನೋಡ್ತೀನಿ ದೊಡ್ಡಕ್ಕ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಜೀವದೊಳಗೂ ಹಾಗೇ ಒಂಥರ ತುಕ್ಕು ಹಿಡಿಯೋಕೆ ನೋಡುತ್ತೆ. ಅದನ್ನ ತಡೆಯೋಕೆ ಹುಳ ತನ್ನದೇ ಕಾವಲು ಇಟ್ಕೊಂಡಿರುತ್ತೆ. ಔಷಧಿ ಆ ಕಾವಲನ್ನ ಮುರಿಯುತ್ತಾ ಅಂತ ನೋಡ್ಬೇಕು.”

“ಅಂದ್ರೆ ಕಾವಲುಗಾರನ್ನ ಮಲಗಿಸಿ ಕಳ್ಳನ್ನ ಒಳಗೆ ಬಿಡೋದು!”

“ಥೇಟ್ ಅದೇ,” ಎಂದು ಹುಡುಗಿ ನಕ್ಕಿದ್ದಳು.

ಬೆನ್ನಿಗೆ ಕೆಂಪು ಬಳಿದ ಕುರಿಗಳ ಹುಳುಗಳಷ್ಟೇ ಸಾಕು ಎಂದು ಮೊದಲ ದಿನವೇ ಅವಳು ಹೇಳಿದ್ದಳು. ಆ ಮಂದೆಗೆ ಯಾರೂ ಔಷಧಿ ಕುಡಿಸಿರಲಿಲ್ಲ. ಆದರೆ ಕೆಲವು ವಾರ ಕೆಂಪು ಕುರಿಗಳು ಎರಡೋ ಮೂರೋ ಬರುತ್ತಿದ್ದವು. ಅಷ್ಟು ದೂರದಿಂದ ಬಂದವಳು ಬರಿಗೈಲಿ ಹೋಗಬೇಕೇ ಎಂದು ದೊಡ್ಡಕ್ಕನ ಕರುಳು ಚುರುಕ್ ಅನ್ನುತ್ತಿತ್ತು. ಇನ್ನೊಂದು ಮಂದೆಯ, ನೀಲಿ ಗುರುತಿನ ಕುರಿಗಳ ಹುಳುಗಳನ್ನೂ ನಾಲ್ಕು ಚಿಟಿಕೆ ಫ್ಲಾಸ್ಕಿಗೆ ಹಾಕಿಬಿಡುತ್ತಿದ್ದಳು. ಹುಳಕ್ಕೇನು ಮನೆತನ ನೋಡುವುದಿದೆಯೇ?

ಎಂಟು ತಿಂಗಳು ಹೀಗೇ ನಡೆಯಿತು. ಒಂದು ಮಂಗಳವಾರ ಹುಡುಗಿ ಸಪ್ಪೆ ಮೋರೆ ಹಾಕಿಕೊಂಡು ಬಂದಳು.

“ಏನಾಯ್ತೇ?”

“ಒಂದು ಹುಳದ ಕಾವಲು ಔಷಧಿಗೆ ಕುಸಿದು ಬೀಳುತ್ತೆ, ಪಕ್ಕದ್ದರದು ಇನ್ನೂ ಜಾಸ್ತಿ ಆಗುತ್ತೆ. ತಾಳಮೇಳವೇ ಇಲ್ಲ. ನಮ್ಮ ಸರ್ ನನಗೇ, ‘ನಿನ್ನ ಕೈ ಸರಿಯಿಲ್ಲ, ಇಷ್ಟೂ ಕೆಲಸ ಬಿಸಾಕು’ ಅಂತಾರೆ.”

ದೊಡ್ಡಕ್ಕ ಅವತ್ತು ಕೆಂಪು ಕುರಿಗಳ ಹುಳುಗಳನ್ನಷ್ಟೇ ಆರಿಸಿ ಹಾಕಿ ಕಳಿಸಿದಳು. ಆ ವಾರವಿಡೀ ತಿಂದ ಅನ್ನ ಮೈಗೆ ಹತ್ತಲಿಲ್ಲ. ಮುಂದಿನ ಮಂಗಳವಾರ ಹುಡುಗಿ ಕೂರುವ ಮೊದಲೇ ಹೇಳಿಬಿಟ್ಟಳು.

“ನಿನ್ನ ಕೈ ಸರಿಯಾಗೇ ಇದೆ ಕಣೇ. ತಪ್ಪು ನನ್ನದು. ಕಮ್ಮಿ ಬಿದ್ದಾಗೆಲ್ಲ ನೀಲಿ ಕುರಿದೂ ಹಾಕಿದೀನಿ.”

ಹುಡುಗಿ ಅವಳ ಮುಖವನ್ನೇ ನೋಡಿದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಬಂದ ದಾರಿಯಲ್ಲೇ ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ಮಂಗಳವಾರ ಅವಳ ಸುಳಿವಿಲ್ಲ. “ಹುಳದ ಮೇಡಂಗೆ ಹುಳ ಸಾಕಾಯ್ತಾ?” ಎಂದು ಕಡಿಯುವವನೊಬ್ಬ ಕೀಟಲೆ ಮಾಡಿದ. ದೊಡ್ಡಕ್ಕ ನಲ್ಲಿಯನ್ನು ಜೋರಾಗಿ ತಿರುಗಿಸಿಕೊಂಡಳು.

ಮೂರನೆಯ ವಾರ ಹುಡುಗಿ ಬಂದಳು. ಕೈಯಲ್ಲಿ ಎರಡು ಫ್ಲಾಸ್ಕ್.

“ಇದರಲ್ಲಿ ಕೆಂಪು, ಇದರಲ್ಲಿ ನೀಲಿ. ಒಂದೂ ಆಚೆ ಈಚೆ ಆಗಬಾರದು.”

“ಕಣ್ಣಲ್ಲಿ ಕಣ್ಣಿಟ್ಟು ಹಾಕ್ತೀನಿ,” ಎಂದಳು ದೊಡ್ಡಕ್ಕ.

ನೀಲಿ ಕುರಿಗಳನ್ನು ಇಳಿಸಲು ಬಂದ ಮಂದೆಯವನನ್ನು ಅವಳೇ ಹಿಂಬಾಗಿಲಲ್ಲಿ ನಿಲ್ಲಿಸಿ ವಿಚಾರಿಸಿದಳು.

“ಔಷಧಿನಾ? ತಿಂಗಳಿಗೊಂದ್ಸಲ ಕುಡಿಸ್ತೀನಲ್ಲ. ಮರಿಗೂ ಒಂದು ಮುಚ್ಚಳ, ಟಗರಿಗೂ ಒಂದು ಮುಚ್ಚಳ. ತೂಕ ಗೀಕ ಯಾರು ನೋಡ್ತಾರೆ?”

ತಿಂಗಳು ಕಳೆದ ಮೇಲೆ ಹುಡುಗಿ ಓಡುತ್ತಾ ಬಂದಳು. ಕೆಂಪು ಕುರಿಗಳ ಹುಳುಗಳಲ್ಲಿ ಔಷಧಿ ಬಿದ್ದೊಡನೆ ಕಾವಲು ಕುಸಿದಿತ್ತು. ನೀಲಿಯವು ಅರೆಬರೆ ಔಷಧಿ ಉಂಡು ಉಂಡು ಪಳಗಿದವು. ಔಷಧಿ ಕಂಡರೆ ಕಾವಲು ಇಮ್ಮಡಿ ಮಾಡಿಕೊಂಡು ಹಾಯಾಗಿ ಹೊರಳಾಡುತ್ತಿದ್ದವು.

“ಸರ್ ತಾವೇ ಕೂತು ಎರಡು ಸಲ ಮಾಡಿ ನೋಡಿದ್ರು. ಹಳೇದು ಯಾವುದೂ ಉಪಯೋಗಕ್ಕಿಲ್ಲ, ಇನ್ನೊಂದು ವರ್ಷ ಹಿಡಿಯುತ್ತೆ,” ಎಂದು ಉಸಿರು ತೆಗೆದುಕೊಂಡಳು. “ಅವತ್ತು ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿತ್ತು ದೊಡ್ಡಕ್ಕ.”

“ಬರಬೇಕಾದ್ದೇ. ನಾನು ಕೇಳಿ ಹಾಕ್ಬೇಕಿತ್ತು.”

ಮಂದೆಯವನಿಗೆ ವಿಷಯ ತಿಳಿಸಿದಾಗ ಅವನು ಮೊದಲು ಉಡಾಫೆ ಮಾಡಿದ. ಆದರೆ ಹಟ್ಟಿಯಲ್ಲಿ ಕುರಿಗಳು ಸೊರಗುತ್ತಿದ್ದುದು ಅವನಿಗೂ ಗೊತ್ತಿತ್ತು. “ಒಂದ್ಸಲ ಬಂದು ನೋಡ್ರಮ್ಮ,” ಎಂದ.

ಭಾನುವಾರ ದೊಡ್ಡಕ್ಕ, ಹುಡುಗಿ ಇಬ್ಬರೂ ಅವನ ಹಟ್ಟಿಗೆ ಹೋದರು. ಕುರಿಯ ಕೆಳರೆಪ್ಪೆ ಎಳೆದು ನೋಡುವುದನ್ನು ಹುಡುಗಿ ತೋರಿಸಿಕೊಟ್ಟಳು: ಒಳಗೆ ಕೆಂಪಗಿದ್ದರೆ ಸರಿ, ಬಿಳುಚಿಕೊಂಡಿದ್ದರೆ ಹುಳ ರಕ್ತ ಹೀರಿದೆ, ಅಂಥದ್ದನ್ನು ತೂಗಿ, ಅಳತೆಗೆ ಸರಿಯಾಗಿ ಬೇರೆ ಔಷಧಿ ಕೊಡಬೇಕು. ಮಂದೆಯವನು ಕುರಿಗಳನ್ನು ಒಂದೊಂದಾಗಿ ಹಿಡಿದು ತಂದ. ದೊಡ್ಡಕ್ಕ ಸೆರಗು ಸಿಕ್ಕಿಸಿಕೊಂಡು ಮೊದಲ ಕುರಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಅವಳ ಅಂಗೈ ಮೂಸಿ, ನೆಕ್ಕಿತು. ಅವಳು ಹೆಬ್ಬೆರಳಿಂದ ಮೆಲ್ಲಗೆ ರೆಪ್ಪೆ ಸರಿಸಿದಳು.

“ಬಿಳುಚಿದೆ,” ಎಂದಳು. “ಬರ್ಕೊಳ್ಳೇ.”