ಮೂವತ್ತೇಳನೇ ಪುಟದಿಂದ

ಪರೀಕ್ಷೆ ಮುಗಿದ ಮೇಲೆ ಮಕ್ಕಳು ಪುಸ್ತಕದ ಮುಖ ನೋಡುವುದಿಲ್ಲ ಎನ್ನುವುದು ಯಾವ ಶಾಲೆಯಲ್ಲೂ ಸುಳ್ಳಾಗದ ಮಾತು. ಈ ಎಂಟನೇ ತರಗತಿಯವರು ಮಾತ್ರ ಪರೀಕ್ಷೆ ಮುಗಿದ ಮೇಲೇ ಪುಸ್ತಕಗಳಿಗೆ ಗಂಟುಬಿದ್ದಿದ್ದರು. ಇಡೀ ಶಾಲೆಯ ಹಳೆಯ ನೋಟ್‌ಬುಕ್ಕುಗಳನ್ನು ವಿಜ್ಞಾನದ ಕೋಣೆಯಲ್ಲಿ ಗುಡ್ಡೆ ಹಾಕಿ, ಬರೆಯದೆ ಉಳಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಗೆರೆಯದು ಒಂದು ಕಡೆ, ಚೌಕಳಿಯದು ಇನ್ನೊಂದು ಕಡೆ, ಗೆರೆಯಿಲ್ಲದ್ದು ಕಿಟಕಿಯ ಹತ್ತಿರ. ಅವುಗಳಿಂದಲೇ ಹೊಸ ಪುಸ್ತಕ ಮಾಡಬೇಕು, ಮುಂದಿನ ವರ್ಷ ಶಾಲೆಗೆ ಒಂದೇ ಒಂದು ರಫ್ ನೋಟ್‌ಬುಕ್ಕೂ ಹೊರಗಿನಿಂದ ಬರಬಾರದು ಎಂಬುದು ಅವರ ಹಟ. ಯಾರೂ ಹೇಳಿಕೊಟ್ಟದ್ದಲ್ಲ, ಅವರೇ ಹುಟ್ಟುಹಾಕಿದ್ದು.

ಇದಕ್ಕೆಲ್ಲ ಮುಂದಾಳು ಎರಡು ಜಡೆಯ ಒಬ್ಬ ಹುಡುಗಿ. ಪುಸ್ತಕ ವಸೂಲಿ ಮಾಡುವ ಅವಳ ವೈಖರಿ ನೋಡಿ ಎಲ್ಲರೂ ಅವಳನ್ನು ಕಲೆಕ್ಟರ್ ಎಂದೇ ಕರೆಯುತ್ತಿದ್ದರು. ಕಲೆಕ್ಟರಮ್ಮ ಹೆಡ್‌ಮಾಸ್ಟರ ಬೀರುವನ್ನೂ ಬಿಟ್ಟಿರಲಿಲ್ಲ. ನಾಲ್ಕು ಪುಟ ಬರೆದು ಕೈಬಿಟ್ಟ ಅವರ ಹನ್ನೊಂದು ಡೈರಿಗಳನ್ನು ಹೊತ್ತು ತಂದಿದ್ದಳು. ಹಾಳೆ ಹರಿಯುವ ಮೊದಲು ಪ್ರತಿ ಪುಸ್ತಕದವರನ್ನೂ ಒಂದೇ ಪ್ರಶ್ನೆ ಕೇಳುವಳು: “ಇಷ್ಟು ಖಾಲಿ ಯಾಕೆ ಉಳೀತು?” ಉತ್ತರವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುವಳು. ಕಾರಣ ಗೊತ್ತಾಗದೆ ಕಾಗದ ಉಳಿಸುವುದು ಹೇಗೆ ಎಂಬುದು ಅವಳ ವಾದ. ಕಾರಣಗಳೂ ಚೆನ್ನಾಗಿದ್ದವು. ‘ಪುಸ್ತಕ ಕಳೆಯಿತು, ಹೊಸದು ತಂದ ಮೇಲೆ ಸಿಕ್ಕಿತು.’ ‘ಟೀಚರ್ ಬದಲಾದರು.’ ಒಬ್ಬನಂತೂ, ‘ಮೊದಲ ಪುಟಕ್ಕೆ ಇಂಕು ಚೆಲ್ಲಿತು, ಆಮೇಲೆ ಮನಸ್ಸೇ ಬರಲಿಲ್ಲ’ ಎಂದು ಬರೆಸಿದ್ದ.

ವಿಜ್ಞಾನದ ಟೀಚರಿಗೆ ಇಲ್ಲಿ ಕುರ್ಚಿಯಲ್ಲಿ ಕೂತು ಹ್ಞೂಂಗುಟ್ಟುವುದಷ್ಟೇ ಕೆಲಸ. ಅವರಿಗೆ ನಿವೃತ್ತಿಗೆ ಇನ್ನು ಎರಡೇ ತಿಂಗಳು. ಕಾಗದದ ವಾಸನೆ, ಮಕ್ಕಳ ಗಲಾಟೆ, ಬಿಸಿಲಲ್ಲಿ ಎದ್ದ ಧೂಳು, ಎಲ್ಲವೂ ಅವರಿಗೆ ಈಚೆಗೆ ಸ್ವಲ್ಪ ಹೆಚ್ಚೇ ಇಷ್ಟವಾಗುತ್ತಿದ್ದವು.

ಆದರೆ ಕೆಲಸ ಕೆಟ್ಟದ್ದು ಪುಸ್ತಕ ಕಟ್ಟುವಲ್ಲಿ. ಬಿಡಿ ಹಾಳೆಗಳಿಗೆ ಸ್ಟೇಪ್ಲರ್ ಪಿನ್ನು ಹೊಡೆದರೆ ಎರಡು ದಿನಕ್ಕೆ ಕಿತ್ತು ಬರುತ್ತಿದ್ದವು. ಅಂಟು ಹಚ್ಚಿದರೆ ತೆರೆಯುವಾಗಲೇ ಪಟಪಟ ಉದುರುತ್ತಿದ್ದವು. ಹೆಡ್‌ಮಾಸ್ಟರು ಒಂದನ್ನು ಎತ್ತಿ ಅಲ್ಲಾಡಿಸಿ, ಕೈಯಲ್ಲಿ ಬರಿ ರಟ್ಟು ಉಳಿದದ್ದನ್ನು ನೋಡಿ ಮೂಗು ಮುರಿದರು.

“ಶನಿವಾರದೊಳಗೆ ಗಟ್ಟಿ ಪುಸ್ತಕ ತೋರಿಸಿ. ಇಲ್ಲ ಅಂದ್ರೆ ಯಾವಾಗಲೂ ಮಾಡೋ ಹಾಗೆ ಹೊಸದಕ್ಕೆ ಆರ್ಡರ್ ಕಳಿಸಿಬಿಡ್ತೀನಿ” ಎಂದು ಹೋದರು.

ಮಕ್ಕಳ ಮುಖ ಸಪ್ಪಗಾಯಿತು. ಅವರನ್ನು ನಗಿಸೋಣವೆಂದು ಟೀಚರ್ ತಮ್ಮ ಹಳೆಯ ಕಥೆ ತೆಗೆದರು. ಆ ಕಥೆಯನ್ನು ಅವರು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದರು, ಯಾವತ್ತೂ ನಗು ತಪ್ಪಿರಲಿಲ್ಲ.

“ನಾನು ಒಂದನೇ ಕ್ಲಾಸಿಗೆ ಹೋದಾಗ ನನ್ನ ಪುಸ್ತಕ ಮೂವತ್ತೇಳನೇ ಪುಟದಿಂದ ಶುರುವಾಗ್ತಿತ್ತು. ಗೊತ್ತಾ? ನಮ್ಮಕ್ಕ ತನ್ನ ದಪ್ಪ ಪುಸ್ತಕದ ಖಾಲಿ ಹಾಳೆ ಬಿಡಿಸಿ ಮೂರು ಪುಸ್ತಕ ಹೊಲಿದುಕೊಟ್ಟಿದ್ದಳು. ಅವಳು ಮೊದಲೇ ಎಲ್ಲಾ ಪುಟಕ್ಕೂ ನಂಬರ್ ಹಾಕಿಬಿಟ್ಟಿದ್ದಳು. ಎರಡನೇ ಪುಸ್ತಕ ತೊಂಬತ್ತೊಂದರಿಂದ, ಮೂರನೇದು ನೂರಾ ನಲವತ್ತೈದರಿಂದ. ನಮ್ಮ ಮೇಡಂ ಕೇಳಿದ್ರು, ಮೊದಲ ಮೂವತ್ತಾರು ಪುಟ ತಿಂದುಬಿಟ್ಯಾ ಅಂತ!”

ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರಿಗೂ ಆ ದಿನಗಳು ಕಣ್ಣಿಗೆ ಕಟ್ಟಿದವು. ಕಿಟಕಿಯ ಕೆಳಗೆ ಚಾಪೆ, ಒಳಕೋಣೆಯಲ್ಲಿ ಮಲಗಿದ ಅಮ್ಮ, ದಬ್ಬಳದಿಂದ ತೂತು ಹೊಡೆಯುವ ಅಕ್ಕ. ದಾರವನ್ನು ಮೇಣದ ತುಂಡಿಗೆ ಉಜ್ಜಿ ಉಜ್ಜಿ ಅವಳ ಬೆರಳು ನುಣ್ಣಗಾಗಿರುತ್ತಿತ್ತು. ಪುಟದ ಮೂಲೆಯ ಆ ಅಂಕಿಗಳು ಎಷ್ಟು ಮುದ್ದಾಗಿದ್ದವೆಂದರೆ, ನೂರರ ಮೇಲಿನ ಲೆಕ್ಕವನ್ನು ಟೀಚರ್ ಅವುಗಳನ್ನು ನೋಡಿಕೊಂಡೇ ಕಲಿತರು. ಹೊಲಿಯುವುದನ್ನು ಮಾತ್ರ ಕಲಿಯಲಿಲ್ಲ. ಅಕ್ಕ ಇದ್ದಳಲ್ಲ!

ಕಲೆಕ್ಟರ್ ನಗಲಿಲ್ಲ. ಅಭ್ಯಾಸಬಲದಿಂದ ರಿಜಿಸ್ಟರ್ ತೆರೆದಿದ್ದಳು.

“ನಿಮ್ಮ ಅಕ್ಕನ ಪುಸ್ತಕ ಅಷ್ಟೊಂದು ಖಾಲಿ ಯಾಕೆ ಉಳೀತು ಮಿಸ್?”

“ಅವಳು ಏಳನೇ ಕ್ಲಾಸಿಗೆ ಬಿಟ್ಟುಬಿಟ್ಟಳು. ಓದು ತಲೆಗೆ ಹತ್ತಲಿಲ್ಲ.”

ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಅದು. ಅಪ್ಪ ಹೇಳುತ್ತಿದ್ದರು, ಅತ್ತೆ ಹೇಳುತ್ತಿದ್ದರು, ಅಕ್ಕ ತಾನೂ ನಗುತ್ತ ಹೇಳಿಕೊಳ್ಳುತ್ತಿದ್ದಳು. ಬರೆಯಲು ಹೋದ ಹುಡುಗಿ ಪೆನ್ನನ್ನು ಹಾಳೆಯಿಂದ ಮೇಲೆತ್ತಿದಳು.

“ಓದು ಬೇಡ ಅನ್ನೋರು ಕೊನೇ ಪುಟದವರೆಗೂ ನಂಬರ್ ಹಾಕ್ತಾರಾ ಮಿಸ್?”

ಟೀಚರ್ ನಗು ನಿಲ್ಲಿಸಿದರು. ಐವತ್ತೆರಡು ವರ್ಷದಲ್ಲಿ ಈ ಪ್ರಶ್ನೆ ತಮಗೇಕೆ ಹೊಳೆಯಲಿಲ್ಲ? ಮಕ್ಕಳಿಗೆ ಏಕೆ, ಹೇಗೆ, ಎಲ್ಲಿ ಎಂದು ಕೇಳಲು ಕಲಿಸಿಯೇ ಜೀವನ ಸವೆಸಿದವರು ಅವರು. ಮನೆಯೊಳಗಿನ ಈ ಒಂದು ‘ಏಕೆ’ಯನ್ನು ಮಾತ್ರ ಜೋಕು ಮಾಡಿ ನಗುತ್ತ ಬಂದಿದ್ದರು. ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಸಂಜೆ ಶಾಲೆಯಿಂದ ನೇರವಾಗಿ ಅಕ್ಕನ ಮನೆಗೆ ಹೋದರು. ಅಕ್ಕ ಊರಿನ ಆಚೆ ತುದಿಯಲ್ಲಿ ಮಗಳ ಸಂಸಾರದ ಜೊತೆ ಇದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆಯ ಮೆಷಿನ್ನು ಇಟ್ಟುಕೊಂಡು ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಅಂಗಡಿ, ಆಸ್ಪತ್ರೆ, ಮದುವೆಮನೆ, ಎಲ್ಲಿಗೆ ಕರೆದರೂ ಬರುವ ಅಕ್ಕ ಶಾಲೆಗೆ ಮಾತ್ರ ಬಂದವಳಲ್ಲ. ತಂಗಿಗೆ ಒಳ್ಳೆಯ ಶಿಕ್ಷಕಿ ಎಂದು ಸನ್ಮಾನ ಮಾಡಿದ ದಿನವೂ ತಲೆನೋವೆಂದು ಮಲಗಿದ್ದಳು. ಟೀಚರ್ ಅದನ್ನು ಆಗ ಹೊಟ್ಟೆಕಿಚ್ಚು ಎಂದುಕೊಂಡಿದ್ದರು. ಅದು ನೆನಪಾದರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತಿತ್ತು.

“ನಮ್ಮ ಮಕ್ಕಳಿಗೆ ಬಿಡಿ ಹಾಳೆ ಹೊಲಿಯೋದು ಹೇಳಿಕೊಡ್ತೀಯಾ? ನಾಳೆ ಸ್ಕೂಲಿಗೆ ಬಾ.”

“ಸ್ಕೂಲಿಗಾ? ನಾನಾ?” ಅಕ್ಕ ಮೆಷಿನ್ನಿನ ಚಕ್ರ ನಿಲ್ಲಿಸಲಿಲ್ಲ. “ಮಂಡಿ ನೋವು ಕಣೇ. ಇಲ್ಲೇ ತೋರಿಸ್ತೀನಿ, ನೀನು ಹೋಗಿ ಹೇಳು.”

“ಅಕ್ಕ, ನೀನು ಸ್ಕೂಲು ಯಾಕೆ ಬಿಟ್ಟೆ?”

ಚಕ್ರ ನಿಂತಿತು.

“ಈಗ್ಯಾಕೆ ಅದು? ತಲೆಗೆ ಹತ್ತಲಿಲ್ಲ, ಬಿಟ್ಟೆ.”

“ಸುಳ್ಳು. ಇನ್ನೂರು ಪುಟಕ್ಕೂ ನಂಬರ್ ಹಾಕಿದ್ದೆ ನೀನು.”

ಅಕ್ಕ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

“ಅಮ್ಮ ಹಾಸಿಗೆ ಹಿಡಿದ ವರ್ಷ ಅದು. ಯಾರಾದ್ರೂ ಒಬ್ಬರು ಮನೇಲಿ ಇರಬೇಕಿತ್ತು. ನಿನಗೆ ಆರು ವರ್ಷ. ನಿನ್ನ ಒಂದು ವರ್ಷ ತಡವಾಗಿ ಸೇರಿಸೋಣ, ಅಕ್ಕ ಓದಲಿ ಅಂತ ಅಮ್ಮ ಅಂದಳು. ಒಂದು ವರ್ಷ ಅಂದಿದ್ದು ಎರಡಾಗುತ್ತೆ, ಆಮೇಲೆ ನಿನ್ನ ಸೇರಿಸೋದೇ ಇಲ್ಲ ಅಂತ ನನಗೆ ಭಯ ಆಯ್ತು. ನನಗೇ ಓದು ಬೇಡ ಅಂತ ಹಟ ಹಿಡಿದೆ. ಅಮ್ಮ ನಂಬಲಿ ಅಂತ ಅವಳ ಮುಂದೇನೇ ಪುಸ್ತಕ ಬಿಚ್ಚಿ ನಿನಗೆ ಹೊಲಿದುಬಿಟ್ಟೆ.”

ಐವತ್ತೆಂಟು ವರ್ಷದ ಟೀಚರ್, ಅಕ್ಕನ ಮಡಿಲಿನಲ್ಲಿದ್ದ ಯಾರದೋ ಮನೆಯ ಪರದೆಗೆ ಮುಖ ಒತ್ತಿಕೊಂಡು ಗಳಗಳ ಅತ್ತುಬಿಟ್ಟರು.

“ಅಯ್ಯೋ, ಗಿರಾಕಿ ಬಟ್ಟೆ ಕಣೇ ಅದು!” ಎಂದು ಅಕ್ಕ ಬಟ್ಟೆ ಎಳೆದುಕೊಂಡಳು. “ಮೂಗು ಒರೆಸ್ಕೋ. ಟೀಚರಂತೆ ಟೀಚರ್.” ಅಷ್ಟು ಹೇಳಿ ತಾನೂ ಮೂಗೆಳೆದಳು. ಶಾಲೆಗೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಶುಕ್ರವಾರ. ಟೀಚರ್ ಬೆಳಗ್ಗೆಯಿಂದ ಹತ್ತು ಸಲ ಕಿಟಕಿಗೆ ಹೋಗಿ ಬಂದರು. ಅಕ್ಕ ಬರದಿದ್ದರೆ ಪುಸ್ತಕವಿಲ್ಲ ಎಂಬ ಚಿಂತೆ ಮಕ್ಕಳಿಗೆ. ಇವತ್ತು ಬರದಿದ್ದರೆ ಇನ್ನು ಯಾವತ್ತೂ ಶಾಲೆಯೊಳಗೆ ಬರುವುದಿಲ್ಲ ಎಂಬ ಸಂಕಟ ಟೀಚರಿಗೆ. ಹತ್ತಕ್ಕೆ ಐದು ನಿಮಿಷವಿದ್ದಾಗ ಗೇಟಿನ ಆಚೆ ಅಕ್ಕ ಕಾಣಿಸಿದಳು. ಒಳಗೂ ಬರಲಿಲ್ಲ, ವಾಪಸ್ಸೂ ಹೋಗಲಿಲ್ಲ, ಚೀಲ ಎದೆಗೊತ್ತಿಕೊಂಡು ನಿಂತೇ ಇದ್ದಳು. ಕರೆಯಲೋ ಬೇಡವೋ ಎಂದು ಟೀಚರ್ ಯೋಚಿಸುತ್ತಿರುವಾಗಲೇ ಬೆಲ್ ಹೊಡೆಯಿತು. ಅಕ್ಕ ಮಂಡಿನೋವು ಮರೆತು ಸರಸರನೆ ಒಳಗೆ ಬಂದಳು, ತಡವಾದರೆ ಯಾರಾದರೂ ಬೈದಾರು ಎನ್ನುವ ಹಾಗೆ.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಹಾಳೆ ಕುಟ್ಟಿ ಅಂಚು ಸಮ ಮಾಡಿ, ಅಂಚಿನಿಂದ ಒಂದು ಬೆರಳು ಬಿಟ್ಟು ಏಳು ತೂತು ಹೊಡೆದು, ಮೇಣ ಉಜ್ಜಿದ ದಾರವನ್ನು ಒಂದು ತೂತಿನಲ್ಲಿ ಇಳಿಸಿ ಮುಂದಿನದರಲ್ಲಿ ಎತ್ತಿ ತೋರಿಸಿದಳು. “ಹೋಗುವಾಗ ಬಿಟ್ಟ ಜಾಗಾನ ಬರುವಾಗ ತುಂಬಬೇಕು. ಎಳೀಬೇಡ್ವೋ ದಾಂಡಿಗ, ಕಾಗದ ಅದು, ಹಗ್ಗ ಜಗ್ಗಾಟ ಅಲ್ಲ!” ಮಕ್ಕಳು ಬೈಸಿಕೊಂಡಷ್ಟೂ ಅವಳಿಗೆ ಅಂಟಿಕೊಂಡರು. ಸಂಜೆಯೊಳಗೆ ಮೇಜಿನ ಮೇಲೆ ಅರವತ್ತನಾಲ್ಕು ಪುಸ್ತಕ ಸೇರಿದವು. ಹೆಡ್‌ಮಾಸ್ಟರು ಒಂದನ್ನು ಹಿಡಿದು ಅಲ್ಲಾಡಿಸಿದರು, ಮತ್ತೆ ಜೋರಾಗಿ ಅಲ್ಲಾಡಿಸಿದರು. ಒಂದು ಹಾಳೆಯೂ ಬೀಳಲಿಲ್ಲ. ಆರ್ಡರಿನ ಮಾತೆತ್ತದೆ, ನಾಳೆಯೂ ಬನ್ನಿ ಎಂದು ಅಕ್ಕನಿಗೆ ಕೈಮುಗಿದು ಹೋದರು.

ಹೊರಡುವ ಹೊತ್ತಿಗೆ ಕಲೆಕ್ಟರ್ ರಿಜಿಸ್ಟರ್ ತಂದಳು. ಹೊಲಿದವರೆಲ್ಲ ಅದರಲ್ಲಿ ಹೆಸರು, ತರಗತಿ, ಹಾಜರಿ ಸಂಖ್ಯೆ ಬರೆದು ಸಹಿ ಹಾಕಬೇಕು, ಯಾರಿಗೂ ವಿನಾಯಿತಿಯಿಲ್ಲ. ಅಕ್ಕನ ಮುಂದೆ ಹಿಡಿದ ಮೇಲೆ ಹುಡುಗಿಗೆ ತಪ್ಪು ಹೊಳೆದು, “ನೀವು ಹೆಸರು ಮಾತ್ರ ಬರೀರಿ, ಪರವಾಗಿಲ್ಲ” ಎಂದಳು.

ಅಕ್ಕ ಕೇಳಿಸಿಕೊಂಡಳೋ ಇಲ್ಲವೋ. ಬೆಂಚಿನ ಮೇಲೆ ನೆಟ್ಟಗೆ ಕೂತು, ಹೆಸರು ಬರೆದು, ಮುಂದಿನ ಎರಡು ಕಾಲಮುಗಳನ್ನೂ ತುಂಬಿ, ರಿಜಿಸ್ಟರನ್ನು ತಂಗಿಯ ಕಡೆ ತಿರುಗಿಸಿದಳು. ಏಳನೇ ತರಗತಿ, ಬಿ ವಿಭಾಗ, ಹಾಜರಿ ಸಂಖ್ಯೆ ಹದಿನಾಲ್ಕು ಎಂದಿತ್ತು. ಟೀಚರ್ ಅದರ ಕೆಳಗೆ, ಹಾಜರಿ ಪುಸ್ತಕಕ್ಕೆ ಹಾಕುವ ಹಾಗೆ, ತಮ್ಮ ಸಹಿ ಹಾಕಿದರು.