ಸೋನಿಯಾಳ ಹಾಸ್ಟೆಲ್ ಅರ್ಜಿ

ಸೋನಿಯಾ ಹೋದರೆ ಮನೆಯ ಫೋನನ್ನು ಯಾರು ಎತ್ತುತ್ತಾರೆ? ಇಪ್ಪತ್ಮೂರು ವರ್ಷವಾಗಿ ಬಿ.ಕಾಂ. ಮುಗಿಸಿದವಳು ಇಂಥದ್ದಕ್ಕೆ ಹೆದರುತ್ತೇನೆಂದು ನಾನು ಯಾರಲ್ಲೂ ಹೇಳಲಿಲ್ಲ. ಡೈರಿಯಲ್ಲಿ ಬರೆದೆ, ಅದನ್ನೂ ಅರ್ಧಕ್ಕೆ ಹೊಡೆದುಹಾಕಿದೆ.

ತಂಗಿ ಸೋನಿಯಾಳಿಗೆ ಹದಿನಾಲ್ಕು. ನಾನು ಆಡಬೇಕಾದ ಮಾತುಗಳನ್ನೆಲ್ಲ ಅವಳೇ ಆಡುತ್ತಾಳೆ. ಗ್ಯಾಸ್ ತರುವವನ ಹತ್ತಿರ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನನ್ನ ಕೆಲಸ, ಮದುವೆ ಎಂದೆಲ್ಲ ವಿಚಾರಿಸುವವರ ಹತ್ತಿರ. ಎರ್ಮಾಳಿನಿಂದ ಮೀನು ತರುವ ಹೆಂಗಸು, ನಿಮ್ಮ ದೊಡ್ಡವಳ ಬಾಯಿಗೆ ಬೀಗ ಹಾಕಿ ಕೀಲಿಕೈಯನ್ನು ಚಿಕ್ಕವಳಿಗೆ ಕೊಟ್ಟಿದ್ದೀರಾ ಎಂದು ಮಮ್ಮಿಯನ್ನು ಕೇಳಿದ್ದುಂಟು. ಮಣಿಪಾಲದ ಒಂದು ಆಫೀಸಿನವರು ಸಂದರ್ಶನಕ್ಕೆ ಕರೆದಾಗ ಬಾಗಿಲವರೆಗೆ ಬಂದವಳೂ ಅವಳೇ. ಒಳಗೆ ಮಾತ್ರ ಅವಳನ್ನು ಬಿಡಲಿಲ್ಲ. ಆ ಕೆಲಸ ನನಗೆ ಸಿಗಲಿಲ್ಲ.

ಈಗ ಅವಳಿಗೆ ಕಾರ್ಕಳದ ಹಾಸ್ಟೆಲ್ ಶಾಲೆ ಬೇಕು. ಹೈಜಂಪ್‌ನಲ್ಲಿ ಜಿಲ್ಲೆಗೆ ಎರಡನೆಯವಳಾದಂದಿನಿಂದ ಅದೇ ಹಠ. ಅಲ್ಲಿ ತರಬೇತಿ ಬೆಳಿಗ್ಗೆ ಐದೂವರೆಗೆ. ನಮ್ಮ ಇನ್ನಂಜೆಯಿಂದ ಆ ಹೊತ್ತಿಗೆ ಮುಟ್ಟುವ ಬಸ್ಸಿಲ್ಲ. ಮಮ್ಮಿಗೆ ಒಂದು ದಿನ ಕಳಿಸಬೇಕೆನ್ನಿಸಿದರೆ ಮರುದಿನ ಬೇಡವೆನ್ನಿಸುತ್ತಿತ್ತು. ಮಸ್ಕತ್‌ನಿಂದ ಡ್ಯಾಡಿ ನನ್ನ ಹೆಸರೆತ್ತಿ, ಲವೀನಾ ಓದಿದವಳು, ಅವಳು ಹೇಳಿದ ಹಾಗೆ ಆಗಲಿ ಎಂದುಬಿಟ್ಟರು. ಒಂದು ವಾರ ಊಟಕ್ಕೆ ಕುಳಿತಾಗಲೆಲ್ಲ ಮಮ್ಮಿ ನನ್ನ ಮುಖ ನೋಡಿದರು. ಹಾಸ್ಟೆಲ್ ಊಟ ಹೇಗೋ ಏನೋ ಎಂದೆ. ನೀರು ಬದಲಾದರೆ ಜ್ವರ ಬರುತ್ತದೆ ಎಂದೆ. ಬೇಡ ಎಂದು ಮಾತ್ರ ಹೇಳಲಿಲ್ಲ. ಕೊನೆಗೆ ಅರ್ಜಿ ನನ್ನ ಕೈಗೇ ಬಂತು; ನಮ್ಮ ಮನೆಯ ಅರ್ಜಿಗಳನ್ನೆಲ್ಲ ತುಂಬುವವಳು ನಾನೇ.

ಆರೋಗ್ಯದ ಪುಟದಲ್ಲಿ ಉಬ್ಬಸ ಉಂಟೇ ಎಂಬ ಪ್ರಶ್ನೆ. ಸೋನಿಯಾಳಿಗೆ ಏಳು ವರ್ಷದವರೆಗೆ ಇತ್ತು, ಆಮೇಲೆ ಒಮ್ಮೆಯೂ ಬಂದಿಲ್ಲ. 'ಹೌದು' ಎಂದು ಬರೆದೆ. ಪೆನ್ನು ಎತ್ತಿ ಸ್ವಲ್ಪ ಹೊತ್ತು ಕುಳಿತೆ. ಆಮೇಲೆ 'ಆಗಾಗ' ಎಂದು ಸೇರಿಸಿದೆ. ಮಮ್ಮಿ ಓದದೆ ಸಹಿ ಹಾಕಿದರು.

ಶನಿವಾರ ಮೂವರೂ ಕಾರ್ಕಳಕ್ಕೆ ಹೋದೆವು. ಹಾಸ್ಟೆಲ್ ನೋಡಿಕೊಳ್ಳುವ ಸಿಸ್ಟರ್ ಪುಟ ತಿರುಗಿಸುತ್ತ ಆ ಸಾಲಿಗೆ ಬಂದು ನಿಂತರು.

"ಉಬ್ಬಸ ಉಂಟಾ ಇವಳಿಗೆ?"

"ಸಣ್ಣದಿರುವಾಗ ಇತ್ತು ಸಿಸ್ಟರ್," ಎಂದರು ಮಮ್ಮಿ.

"ಇಲ್ಲಿ ಆಗಾಗ ಅಂತ ಬರೆದದ್ದುಂಟಲ್ವಾ?"

ಮಮ್ಮಿ ನನ್ನತ್ತ ನೋಡಿದರು. ಓದಿದವಳು ಬರೆದದ್ದು ಸುಳ್ಳಾಗಲಿಕ್ಕಿಲ್ಲ ಎಂಬಂತೆ ತಲೆದೂಗಿದರು. ಸಿಸ್ಟರ್ ಬೇಸರದಿಂದಲೇ ಹೇಳಿದರು: ಅರುವತ್ತು ಹುಡುಗಿಯರಿಗೆ ರಾತ್ರಿ ಇರುವುದು ತಾವೊಬ್ಬರೇ, ಇಂಥ ಮಗುವನ್ನು ಮುಂಜಾನೆಯ ಮಂಜಿನಲ್ಲಿ ಓಡಿಸುವ ಧೈರ್ಯ ತಮಗಿಲ್ಲ, ಈ ವರ್ಷ ಮನೆಯಲ್ಲೇ ಇರಲಿ. ಅರ್ಜಿಯನ್ನು ಮಡಚಿ ನಮ್ಮ ಕಡೆ ಸರಿಸಿದರು. ಮಮ್ಮಿ ಬ್ಯಾಗಿನ ಜಿಪ್ ತೆರೆದರು. ನನಗೆ ಬೇಕಾದದ್ದು ಆಗಿಹೋಗಿತ್ತು.

ಸೋನಿಯಾ ಅಳಲಿಲ್ಲ. ಕುರ್ಚಿಯ ತುದಿಗೆ ಬಂದು ಕುಳಿತಳು.

"ಅಕ್ಕ ತಪ್ಪಿ ಬರೆದಿರಬೇಕು ಸಿಸ್ಟರ್. ನನ್ನ ವಿಷಯದಲ್ಲಿ ಅವಳಿಗೆ ತಲೆಬಿಸಿ ಜಾಸ್ತಿ. ಅವಳಿಗೆ ಬೈಯಬೇಡಿ."

ಸೀಟು ಬೇಕಾದವರೆಲ್ಲ ಹಾಗೆಯೇ ಹೇಳುವುದು ಎಂದು ಸಿಸ್ಟರ್ ಸಣ್ಣಗೆ ನಕ್ಕರು. ಬರೆದವಳೇ ಹೇಳಲಿ, ಆಗಾಗ ಎಂಬುದು ತಪ್ಪಿ ಬರೆಯುವ ಶಬ್ದವಲ್ಲ ಎಂದರು.

ಮೂವರೂ ನನ್ನನ್ನು ನೋಡಿದರು. ತಂಗಿ ನನ್ನ ಬದಲು ಮತ್ತೆ ಬಾಯಿ ತೆರೆದಳು. ನಾನು ಅವಳ ಮೊಣಕೈ ಹಿಡಿದೆ.

"ತಪ್ಪಿ ಅಲ್ಲ ಸಿಸ್ಟರ್. ಗೊತ್ತಿದ್ದೇ ಬರೆದದ್ದು. ಇವಳಿಗೆ ಏಳು ವರ್ಷದಿಂದ ಉಬ್ಬಸ ಬರಲಿಲ್ಲ. ಇವಳು ಮನೆಯಲ್ಲಿ ಇಲ್ಲದಿದ್ದರೆ ನನಗೆ ಆಗುವುದಿಲ್ಲ, ಅದಕ್ಕೆ."